ಬೆಕ್ಕಿನ ಬಿಡಾರ ಬೇರೆ

ಮೊದಲೇ ಹೇಳಿಬಿಡ್ತೀನಿ, ಇದು ಉಚ್ಚೆಯ ಬಗ್ಗೆ ಬರೆದದ್ದು. ಊಟ ಮಾಡ್ತಾ ಓದುವ ಅಭ್ಯಾಸ ಇರುವವರು ತಟ್ಟೆ ಖಾಲಿ ಮಾಡಿಕೊಂಡು ಬನ್ನಿ, ನಾನು ಕಾಯ್ತೀನಿ.

ಒಂದೇ ಬೆಕ್ಕು ಸಾಕಿದವರಿಗೆ ಈ ಸಂಕಟ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಎರಡು ಮೂರು ಸಾಕಿದವರಿಗೆ ಗೊತ್ತಿರುತ್ತೆ, ಆದರೆ ಅವರು ಬಾಯಿ ಬಿಡಲ್ಲ. ಬೆಕ್ಕು ಕಿಟಕಿಯಲ್ಲಿ ಕೂತು ಬಿಸಿಲು ಕಾಯಿಸುವ ಫೋಟೋ ಇನ್‌ಸ್ಟಾಗ್ರಾಮಿಗೆ ಹೋಗುತ್ತೆ. ಅದೇ ಕಿಟಕಿಯ ಪರದೆಯನ್ನು ಆ ವಾರ ಮೂರು ಸಲ ಒಗೆದ ವಿಷಯ ಹೋಗಲ್ಲ. ಮನೆಗೆ ಯಾರಾದರೂ ಬರ್ತಾರೆ ಅಂದರೆ ಒಂದು ಗಂಟೆ ಮುಂಚೆ ಊದುಬತ್ತಿ ಹಚ್ಚಿ, ಬಾಗಿಲು ತೆರೆದಿಟ್ಟು, ಬಂದವರ ಮುಖವನ್ನೇ ನೋಡ್ತಾ ನಿಲ್ಲೋದು. ಅವರು ಒಂದು ಕ್ಷಣ ಉಸಿರು ಹಿಡಿದು ಆಮೇಲೆ ನಕ್ಕರೆ ಮುಗಿಯಿತು, ಗೊತ್ತಾಯ್ತು ಅಂತ ಅರ್ಥ.

ನಮ್ಮದು ಜೆ.ಪಿ. ನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ನೆಲಮಹಡಿ. ಮೇಲೆ ಓನರ್ ಇದ್ದಾರೆ. ಬೆಕ್ಕುಗಳು ಮೂರು. ಪುಟ್ಟಿ, ಆರು ವರ್ಷದವಳು, ಮೂರು ಬಣ್ಣದ ಹೆಣ್ಣು. ಜಿಲೇಬಿ, ಮೂರು ವರ್ಷದ ಕೇಸರಿ ಗಂಡು, ತಿನ್ನೋದು ಮಲಗೋದು ಬಿಟ್ಟು ಬೇರೆ ಮಹತ್ವಾಕಾಂಕ್ಷೆ ಇಲ್ಲ. ಮೂರನೆಯವನು ಕರಿಯ, ಫೆಬ್ರವರಿಯಲ್ಲಿ ಬೀದಿಯಿಂದ ಬಂದವನು. ಒಂದು ಕಿವಿ ಹರಿದಿದೆ, ನಡಿಗೆಯಲ್ಲಿ ಸ್ವಲ್ಪ ಪುಡಿ ರೌಡಿಯ ಠೀವಿ. ಮೂವರಿಗೂ ಸಂತಾನಹರಣ ಆಪರೇಷನ್ ಆಗಿದೆ.

ಜೂನ್ ತಿಂಗಳಲ್ಲಿ ಮುಂಬಾಗಿಲ ಚೌಕಟ್ಟಿನ ಮೇಲೆ ಮೊದಲ ಕಲೆ ಕಾಣಿಸಿತು. ಆಮೇಲೆ ಶೂ ರ‍್ಯಾಕಿನ ಪಕ್ಕ. ಆಮೇಲೆ ಹಾಲಿನ ಕಿಟಕಿಯ ಪರದೆ, ಸೋಫಾದ ಬೆನ್ನು, ನನ್ನ ಲ್ಯಾಪ್‌ಟಾಪ್ ಬ್ಯಾಗು. ಜುಲೈ ಮಳೆ ಹಿಡಿದ ಮೇಲೆ ಕೇಳಲೇಬೇಡಿ. ಒಣಗಿದ ಉಚ್ಚೆಗೆ ಗಾಳಿಯ ತೇವ ತಾಗಿದರೆ ವಾಸನೆ ಮತ್ತೆ ಏಳುತ್ತೆ, ಹೊಸದಾಗಿ ಹೊಯ್ದ ಹಾಗೆ. ಒಂದು ಭಾನುವಾರ ಓನರ್ ಅಂಕಲ್ ಗೇಟಿನ ಹತ್ತಿರ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. "ಮೆಟ್ಟಿಲು ಹತ್ತುವಾಗಲೇ ಬರುತ್ತೆ ಕಣಮ್ಮಾ. ಅಕ್ಟೋಬರಿಗೆ ನಿಮ್ಮ 11 ತಿಂಗಳು ಮುಗಿಯುತ್ತೆ. ಅಷ್ಟರಲ್ಲಿ ಹೋದರೆ ರಿನ್ಯೂ ಮಾಡೋಣ. ಇಲ್ಲಾಂದ್ರೆ ನೀವೇ ಬೇರೆ ನೋಡ್ಕೊಳ್ಳಿ."

ಮೂರು ಬೆಕ್ಕು ಇಟ್ಟುಕೊಂಡು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಆ ಮಾತಿನ ತೂಕ ಗೊತ್ತು.

ಆ ರಾತ್ರಿ ಮನೆಯಲ್ಲಿ ಸಭೆ ಸೇರಿತು. ನಾನು, ನನ್ನ ಗಂಡ, ಮೇ ತಿಂಗಳಿಂದ ನಮ್ಮ ಜೊತೆಗಿರುವ ಅಮ್ಮ. ಗಂಡನ ಪ್ರಕಾರ ಕೇಸು ಸರಳ. "ಕರಿಯ ಬರೋಕೆ ಮುಂಚೆ ಇದೆಲ್ಲ ಇರಲಿಲ್ಲ. ಅವನು ಬೀದಿಯವನು. ಕನಕಪುರ ರೋಡಲ್ಲಿ ನನ್ನ ಫ್ರೆಂಡ್ ಫಾರ್ಮ್ ಇದೆ, ಅಲ್ಲಿ ಬಿಡೋಣ, ಆರಾಮಾಗಿರ್ತಾನೆ." ಅಮ್ಮನಿಗೂ ಇದು ಸರಿ ಅನ್ನಿಸಿತು. ಸಾಗರದ ಕಡೆಯವಳು ಅವಳು. ಕಾಟ ಕೊಡುವ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ದಾರಿ ಗೊತ್ತಾಗದ ಹಾಗೆ ಚೀಲ ತಿರುಗಿಸಿ, ಹೊಳೆಯಾಚೆ ಬಿಟ್ಟುಬರುವುದನ್ನು ನೋಡಿ ಬೆಳೆದವಳು. ಅಂಥ ಬೆಕ್ಕುಗಳಲ್ಲಿ ಕೆಲವು ನಾಲ್ಕು ದಿನ ಬಿಟ್ಟು ಒಲೆ ಪಕ್ಕ ಮಲಗಿರುತ್ತಿದ್ದವು ಅನ್ನೋದನ್ನೂ ಅವಳೇ ಹೇಳ್ತಾಳೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಕಣ್ಣಾರೆ ಕಾಣದ ಬಗ್ಗನ್ನು ಯಾರ ತಲೆಗೂ ಕಟ್ಟುವ ಹಾಗಿಲ್ಲ ಅನ್ನೋದು ಅಲ್ಲಿ ಕಲಿತ ಮೊದಲ ಪಾಠ. ಸಾಕ್ಷಿ ಸಿಗುವವರೆಗೆ ಯಾರೂ ಎಲ್ಲಿಗೂ ಹೋಗಲ್ಲ ಅಂದೆ. ಮಾರನೇ ದಿನ ಮೂವರನ್ನೂ ಬುಟ್ಟಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೊರಟೆ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ನೆಲದ ಮೇಲಾ, ಗೋಡೆ ಮೇಲಾ?"

ಇದು ಎಲ್ಲರೂ ತಿಳಿದಿರಬೇಕಾದ ವ್ಯತ್ಯಾಸ. ಬೆಕ್ಕು ಕುಕ್ಕರಗಾಲಲ್ಲಿ ಕೂತು ಹಾಸಿಗೆ, ಕಾಲೊರಸು, ನೆಲದ ಮೇಲೆ ಧಾರಾಳವಾಗಿ ಹೊಯ್ದರೆ ಅದು ಕಕ್ಕಸಿನ ಸಮಸ್ಯೆ. ಟ್ರೇ ಗಲೀಜಾಗಿದೆ, ಮರಳು ಹಿಡಿಸಿಲ್ಲ, ಇಲ್ಲವೇ ಮೈಯಲ್ಲಿ ನೋವಿದೆ. ನಿಂತುಕೊಂಡೇ ಗೋಡೆಗೋ ಬಾಗಿಲಿಗೋ ಹಿಂಭಾಗ ತಿರುಗಿಸಿ, ಬಾಲ ನೆಟ್ಟಗೆ ಎತ್ತಿ, ಬಾಲದ ತುದಿ ನಡುಗಿಸುತ್ತಾ ಸ್ವಲ್ಪವೇ ಸ್ವಲ್ಪ ಚಿಮ್ಮಿಸಿದರೆ ಅದು ಗುರುತು ಹಾಕುವುದು. ಅದೇ ಬೆಕ್ಕು ಆಮೇಲೆ ಸಭ್ಯಸ್ಥನ ಹಾಗೆ ಟ್ರೇಗೆ ಹೋಗಿ ಉಚ್ಚೆ ಹೊಯ್ದು ಮಣ್ಣು ಮುಚ್ಚಿ ಬರುತ್ತೆ. ಒಂದು ಶೌಚ, ಇನ್ನೊಂದು ಪತ್ರವ್ಯವಹಾರ.

ಯಾವುದೇ ಆಗಲಿ, ಮೊದಲು ಉಚ್ಚೆ ಪರೀಕ್ಷೆ. ಮೂತ್ರಕೋಶದ ಉರಿಯೂತ, ಹರಳು ಇದ್ದರೂ ಬೆಕ್ಕು ಕಂಡಕಂಡಲ್ಲಿ ಹೊಯ್ಯಬಹುದು. ಗಂಡು ಬೆಕ್ಕು ಸಾಕಿದವರು ಒಂದು ಮಾತು ನೆನಪಿಡಿ. ಅದು ಟ್ರೇಯಲ್ಲಿ ಪದೇಪದೇ ಕೂತು, ತಿಣುಕಿ, ಒಂದು ಹನಿಯೂ ಬರ್ತಾ ಇಲ್ಲ ಅಂದರೆ ನಾಳೆ ನೋಡೋಣ ಅನ್ನಬೇಡಿ. ದಾರಿ ಕಟ್ಟಿಕೊಂಡಿದ್ದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತೆ. ಅರ್ಧರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ನಮ್ಮ ಮೂವರ ರಿಪೋರ್ಟೂ ಸರಿಯಾಗಿಯೇ ಬಂತು. ಆಗ ಡಾಕ್ಟರು ಎರಡನೇ ಪ್ರಶ್ನೆ ಕೇಳಿದರು. "ಈ ಆರು ತಿಂಗಳಲ್ಲಿ ಮನೆಯಲ್ಲಿ ಏನೇನು ಬದಲಾಗಿದೆ? ಒಂದೂ ಬಿಡದೆ ಬರೆದು ತನ್ನಿ."

ಮನೆಗೆ ಬಂದು ಊಟದ ಟೇಬಲ್ ಮೇಲೆ ಪಟ್ಟಿ ಬರೆದೆ. ಫೆಬ್ರವರಿ, ಕರಿಯ ಬಂದ. ಏಪ್ರಿಲ್, ಹೊಸ ಸೋಫಾ. ಅದೇ ತಿಂಗಳು ಗಂಡನಿಗೆ ಅಮೆರಿಕದ ಟೀಮ್ ಸಿಕ್ಕಿ ರಾತ್ರಿ ಕಾಲ್‌ಗಳು ಶುರು. ಮೇ, ಅಮ್ಮ ಬಂದಳು. ಹಿಂದೆಯೇ ನಿಂತು ಓದ್ತಿದ್ದ ಅಮ್ಮ ಏನೂ ಅನ್ನಲಿಲ್ಲ. ರಾತ್ರಿ ಪಾತ್ರೆ ಒರೆಸುವಾಗ ಹೇಳಿದಳು: "ನಂದೂ ಹೆಸರಿದೆ ಪಟ್ಟೀಲಿ. ನಾನೇ ಊರಿಗೆ ಹೋಗ್ತೀನಿ ಬಿಡು. ಆ ಮೂಕಪ್ರಾಣಿ ಯಾಕೆ ಕಳಿಸ್ತೀರಿ."

ಊರಲ್ಲಿ ಈಗ ಮನೆಗೆ ಬೀಗ ಹಾಕಿದೆ. ಅಪ್ಪ ಹೋಗಿ ವರ್ಷಾಂತ ಮುಗಿಸಿಯೇ ಅವಳು ಬಂದದ್ದು. ಅಲ್ಲಿಗೆ ಹಗುರವಾಗಿರುವ ಹಾಗೆ ಆಡಿದ ಮಾತು ಅಲ್ಲಿಂದಾಚೆಗೆ ಹಗುರವಾಗಿ ಉಳಿಯಲಿಲ್ಲ. ಅಕ್ಟೋಬರಿನೊಳಗೆ ಮನೆಯಿಂದ ಯಾರಾದರೂ ಒಬ್ಬರು ಹೋಗಬೇಕು ಅನ್ನುವ ಹಾಗಾಯಿತು. ಅದು ಯಾರು ಅನ್ನೋದಷ್ಟೇ ಬಾಕಿ.

ಸಾಕ್ಷಿ ಹಿಡಿಯೋಕೆ ಡಾಕ್ಟರು ಒಂದು ದಾರಿ ಹೇಳಿದ್ದರು. ಫ್ಲೋರೆಸೀನ್ ಅಂತ ಒಂದು ಬಣ್ಣ ಇದೆ. ಕಣ್ಣಿನ ಪರೀಕ್ಷೆಗೆ ಬಳಸುವಂಥದ್ದು. ಅದನ್ನು ಅವರೇ ಒಂದು ಬೆಕ್ಕಿಗೆ ಕೊಟ್ಟರೆ ಅದರ ಉಚ್ಚೆ ನೇರಳಾತೀತ ಟಾರ್ಚಿನ ಬೆಳಕಿಗೆ ಹೊಳೆಯುತ್ತೆ, ಕಳ್ಳ ಯಾರು ಅಂತ ಗೊತ್ತಾಗುತ್ತೆ. ನಾನು ಅದಕ್ಕಿಂತ ಅಗ್ಗದ ದಾರಿ ಹಿಡಿದೆ. ಡ್ರಾಯರಿನಲ್ಲಿ ಬಿದ್ದಿದ್ದ ಹಳೇ ಮೊಬೈಲಿಗೆ ಚಾರ್ಜರ್ ಸಿಕ್ಕಿಸಿ, ಟಿವಿ ಸ್ಟ್ಯಾಂಡ್ ಮೇಲೆ ಮುಂಬಾಗಿಲ ಕಡೆ ಮುಖ ಮಾಡಿ ಇಟ್ಟೆ. ಹಾಲಿನ ಪುಟ್ಟ ದೀಪ ಉರಿಯುತ್ತಿರಲಿ ಅಂತ ಬಿಟ್ಟೆ.

ನಾಲ್ಕನೇ ರಾತ್ರಿ ಸಿಕ್ಕಿತು. 2 ಗಂಟೆ 40 ನಿಮಿಷ. ಪುಟ್ಟಿ ಸೋಫಾದಿಂದ ಇಳಿದು ಅಡುಗೆಮನೆ ಹಿಂದಿನ ಯುಟಿಲಿಟಿ ಕಡೆ ಹೊರಡ್ತಾಳೆ. ಟ್ರೇಗಳಿರೋದು ಅಲ್ಲೇ. ದಾರಿಯಲ್ಲಿ, ಅಡುಗೆಮನೆ ಬಾಗಿಲಿಗೆ ಅಡ್ಡಲಾಗಿ ಕರಿಯ ಮಲಗಿದಾನೆ. ಅವನು ಗುರುಗುಟ್ಟಲಿಲ್ಲ, ಏಳಲೂ ಇಲ್ಲ. ತಲೆ ಎತ್ತಿ ನೋಡಿದ, ಅಷ್ಟೇ. ಪುಟ್ಟಿ ನಿಂತಳು. ಕೂತಳು. ಪೂರಾ ಎರಡು ನಿಮಿಷ ಬೇರೆ ಕಡೆ ನೋಡ್ತಾ ಕೂತಳು, ನನಗೇನೂ ಅಲ್ಲಿಗೆ ಹೋಗಬೇಕಾಗಿರಲಿಲ್ಲ ಅನ್ನುವ ಹಾಗೆ. ಆಮೇಲೆ ತಿರುಗಿ ಮುಂಬಾಗಿಲಿಗೆ ಬಂದು, ಚೌಕಟ್ಟನ್ನು ಮೂಸಿ, ಹಿಂಭಾಗ ತಿರುಗಿಸಿ ಬಾಲ ಎತ್ತಿದಳು.

ಬೆಳಿಗ್ಗೆ ಕಾಫಿ ಕುಡೀತಾ ಮೂವರೂ ವಿಡಿಯೋ ನೋಡಿದೆವು. ಗಂಡ ಎರಡು ಸಲ ಹಿಂದೆ ಓಡಿಸಿ ನೋಡಿದ. "ಪುಟ್ಟಿನಾ? ಹೆಣ್ಣಲ್ವಾ ಅವಳು? ಆಪರೇಷನ್ನೂ ಆಗಿದೆಯಲ್ಲ?"

ಅನುಮಾನ ಸಹಜ. ಆಪರೇಷನ್ನಿನಿಂದ ಬಹುಪಾಲು ಬೆಕ್ಕುಗಳಲ್ಲಿ ಈ ಚಟ ನಿಲ್ಲುತ್ತೆ, ಅಥವಾ ಹುಟ್ಟುವುದೇ ಇಲ್ಲ. ಮನೆಯಲ್ಲಿ ಬೀಜ ತೆಗೆಸದ ಗಂಡು ಇದ್ದರೆ ಮಾಡಬೇಕಾದ ಮೊದಲ ಕೆಲಸವೇ ಅದು. ಆದರೆ ಪಶುವೈದ್ಯರು ಇವತ್ತಿಗೂ ಹೇಳುವ, 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಂತೆ ಆಪರೇಷನ್ ಆದ ಗಂಡುಗಳಲ್ಲಿ ಸುಮಾರು 10 ಶೇಕಡಾ, ಹೆಣ್ಣುಗಳಲ್ಲಿ ಸುಮಾರು 5 ಶೇಕಡಾ ಗುರುತು ಹಾಕುತ್ತವೆ. ಮನೆಯಲ್ಲಿ ಬೆಕ್ಕುಗಳ ಸಂಖ್ಯೆ ಏರಿದಷ್ಟೂ ಆ ಸಾಧ್ಯತೆ ಏರುತ್ತೆ. ಪುಟ್ಟಿ ಆ ಐದರಲ್ಲೊಬ್ಬಳು.

ಫಾರ್ಮ್ ಮಾತು ಅಲ್ಲಿಗೆ ನಿಂತಿತು. ಕರಿಯನನ್ನು ಕಳಿಸಿದ್ದರೆ ವಾಸನೆ ಕಡಿಮೆ ಆಗುತ್ತಿತ್ತೋ ಏನೋ. ಆದರೆ ಆ ವಿಡಿಯೋದಲ್ಲಿ ಅವನು ಮಾಡಿದ್ದು ಮಲಗಿದ್ದೊಂದೇ.

ಗಂಡ ಇನ್ನೊಂದು ವಾದ ಹೂಡಿದ. ಪುಟ್ಟಿ ಸೇಡು ತೀರಿಸಿಕೊಳ್ತಿದಾಳೆ, ಕರಿಯನನ್ನು ತಂದಿದ್ದಕ್ಕೆ ನಮ್ಮ ಮೇಲೆ ಕೋಪ ಅಂತ. ಬೆಕ್ಕು ಸಾಕುವವರಲ್ಲಿ ಇದು ಬಹಳ ಜನಪ್ರಿಯ ಥಿಯರಿ. ಲ್ಯಾಪ್‌ಟಾಪ್ ಬ್ಯಾಗಿಗೇ ಹೊಯ್ದಿದೆ ಅಂದರೆ ಬೇಕಂತಲೇ ಅಲ್ಲವಾ? ಬ್ಯಾಗು ದಿನಾ ಹೊರಗೆ ಹೋಗಿ ನೂರು ಕಡೆಯ ವಾಸನೆ ಹೊತ್ತು ಬರುತ್ತೆ. ಶೂ ಕೂಡ ಅಷ್ಟೇ. ಮುಂಬಾಗಿಲು, ಕಿಟಕಿ ಅಂದರೆ ಹೊರಗಿನ ಬೆಕ್ಕುಗಳ ವಾಸನೆ ಒಳಗೆ ನುಗ್ಗುವ ಜಾಗ. ಆರು ವರ್ಷದಿಂದ ತನ್ನದು ಅಂದುಕೊಂಡ ಜಾಗದಲ್ಲಿ ಗುರುತು ಸಿಗದ ವಾಸನೆ ಬಿದ್ದರೆ, ಅದರ ಮೇಲೆ ತನ್ನದೊಂದು ಸಹಿ ಹಾಕ್ತಾಳೆ ಪುಟ್ಟಿ. ಹಾಗೆ ಹಾಕಿದ ಮೇಲೆ ಅವಳಿಗೆ ಸ್ವಲ್ಪ ನೆಮ್ಮದಿ. ನಮ್ಮ ಮೇಲೆ ಅವಳಿಗೆ ಯಾವ ತಕರಾರೂ ಇಲ್ಲ. ನಾವು ಆ ಪತ್ರದ ವಿಳಾಸದಾರರೇ ಅಲ್ಲ.

ಬಂಡೀಪುರ, ನಾಗರಹೊಳೆ ಸಫಾರಿಗೆ ಹೋದವರು ಅದೃಷ್ಟವಿದ್ದರೆ ಇದನ್ನೇ ದೊಡ್ಡ ಸೈಜಿನಲ್ಲಿ ನೋಡಿರ್ತೀರಿ. ಹುಲಿ ಮರದ ಬುಡಕ್ಕೆ ಬೆನ್ನು ತಿರುಗಿಸಿ, ಬಾಲ ಎತ್ತಿ, ಹಿಂದಕ್ಕೆ ಚಿಮ್ಮಿಸುತ್ತೆ. ಹೆಣ್ಣು ಹುಲಿಯೂ ಚಿಮ್ಮಿಸುತ್ತೆ. ಕೋಲ್ಕತ್ತಾದ ವಿಜ್ಞಾನಿ ಆರ್.ಎಲ್. ಬ್ರಹ್ಮಚಾರಿ ಅದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ, ಬಾಸುಮತಿ ಅಕ್ಕಿಗೆ ಪರಿಮಳ ಕೊಡುವ ರಾಸಾಯನಿಕವೇ ಹುಲಿಯ ಆ ಗುರುತಿನಲ್ಲೂ ಇದೆ ಅಂತ ತೋರಿಸಿದರು. ಇದನ್ನು ಹೇಳಿದಾಗ ಅಮ್ಮ, "ನಮ್ಮ ಪುಟ್ಟಿ ಹುಲಿಯಾಗಿ ಹುಟ್ಟಿದ್ದರೆ ಮನೆ ತುಂಬ ಪಲಾವ್ ವಾಸನೆ ಬರ್ತಿತ್ತು, ಓನರೂ ಊಟಕ್ಕೇ ಬರ್ತಿದ್ರು" ಅಂದಳು.

ಮನೆಬೆಕ್ಕಿನ ಪಾಲಿಗೆ ಬಾಸುಮತಿ ಬಂದಿಲ್ಲ, ಗಂಧಕ ಬಂದಿದೆ. ಬೆಕ್ಕಿನ ಉಚ್ಚೆಯಲ್ಲಿ ಫೆಲಿನೈನ್ ಅನ್ನುವ, ಗಂಧಕ ಸೇರಿದ ಅಮೈನೋ ಆಮ್ಲ ಇರುತ್ತೆ. ಅದು ತಯಾರಾಗಲು ಬೇಕಾದ ಕಾಕ್ಸಿನ್ ಎಂಬ ಪ್ರೋಟೀನನ್ನು ಗುರುತಿಸಿದವರು ಜಪಾನಿನ ವಿಜ್ಞಾನಿಗಳು. ಹೊಯ್ದ ಹೊಸದರಲ್ಲಿ ಫೆಲಿನೈನಿಗೆ ವಾಸನೆ ಇರುವುದಿಲ್ಲ. ಗಂಟೆಗಳು ಕಳೆದಂತೆ ಅದು ಒಡೆದು ಗಂಧಕದ ಸಂಯುಕ್ತಗಳಾಗುತ್ತೆ, ಆಗ ಶುರು ಮೂಗಿಗೆ ಹೊಡೆತ. ಬೆಳಿಗ್ಗೆ ಏನೂ ಗೊತ್ತಾಗದೆ ಸಂಜೆ ಆಫೀಸಿನಿಂದ ಬಂದಾಗ ಮನೆ ನಾರುವುದು ಇದಕ್ಕೇ.

ಇನ್ನು ತೊಳೆಯುವ ವಿಚಾರ. ನಮ್ಮ ಕಡೆ ವಾಸನೆ ಅಂದ ತಕ್ಷಣ ಕೈ ಹೋಗೋದು ಫಿನಾಯಿಲ್ ಬಾಟಲಿಗೆ. ಬೆಕ್ಕಿರುವ ಮನೆಯಲ್ಲಿ ಅದು ಬೇಡ. ಫೀನಾಲ್ ಇರುವ ದ್ರಾವಣಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಮ್ಮಿ. ಅದು ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಳ್ಳುತ್ತೆ. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಕೂಡ ಬೆಕ್ಕನ್ನು ಕೊಲ್ಲಬಹುದು ಅನ್ನೋದಕ್ಕೂ ಮೂಲದಲ್ಲಿ ಇದೇ ಕೊರತೆ ಕಾರಣ. ಬ್ಲೀಚನ್ನು ಉಚ್ಚೆಯ ಮೇಲೆ ಸುರಿದರೆ ಅದರಲ್ಲಿನ ಅಮೋನಿಯಾ ಜೊತೆ ಸೇರಿ ಕೆಟ್ಟ ಅನಿಲ ಏಳುತ್ತೆ, ನಮ್ಮ ಶ್ವಾಸಕ್ಕೇ ಅಪಾಯ. ಪೆಟ್ ಅಂಗಡಿಗಳಲ್ಲಿ ಎನ್‌ಜೈಮ್ ಇರುವ ಕ್ಲೀನರ್ ಸಿಗುತ್ತೆ. ಮೊದಲು ಬಟ್ಟೆಯಲ್ಲಿ ಒತ್ತಿ ಹೀರಿಸಿ, ತಣ್ಣೀರಲ್ಲಿ ಒರೆಸಿ, ಕ್ಲೀನರನ್ನು ಧಾರಾಳವಾಗಿ ಹಾಕಿ, ಬಾಟಲಿ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಬೇಕು. ಎನ್‌ಜೈಮಿಗೆ ಕೆಲಸ ಮಾಡಲು ಸಮಯ ಬೇಕು. ಎಲ್ಲೆಲ್ಲಿ ಕಲೆ ಇದೆ ಅಂತ ಹುಡುಕೋಕೆ ನೇರಳಾತೀತ ಟಾರ್ಚ್ ತರಿಸಿಕೊಂಡೆ. ಒಂದು ರಾತ್ರಿ ದೀಪ ಆರಿಸಿ ಅದನ್ನು ಹಿಡಿದು ಮನೆಯೆಲ್ಲ ಸುತ್ತಿದೆವು. ನಮ್ಮ ಹಾಲು ನಕ್ಷತ್ರಪುಂಜದ ಹಾಗೆ ಹೊಳೆಯಿತು. ಅಷ್ಟು ಬೇಜಾರಿನಲ್ಲೂ ಮೂವರೂ ನಕ್ಕೆವು.

ತೊಳೆಯೋದು ಆಯ್ತು. ಕಾರಣ ಹಾಗೇ ಉಳಿದಿತ್ತು. ಮುಂದಿನ ಭೇಟಿಯಲ್ಲಿ ವಿಡಿಯೋ ನೋಡಿದ ಡಾಕ್ಟರು ಮನೆಯ ನಕ್ಷೆ ಬರೆಯಿರಿ ಅಂದರು. ಬರೆದೆ. ಯಾವ ಬೆಕ್ಕು ಎಲ್ಲಿ ಮಲಗುತ್ತೆ, ಎಲ್ಲಿ ತಿನ್ನುತ್ತೆ, ಎಲ್ಲಿಂದ ಎಲ್ಲಿಗೆ ನಡೆಯುತ್ತೆ ಅಂತ ಮೂರು ಬಣ್ಣದಲ್ಲಿ ಗೆರೆ ಎಳೆದೆ. ಎಲ್ಲ ಗೆರೆಗಳೂ ಅಡುಗೆಮನೆ ಬಾಗಿಲಲ್ಲಿ ಗಂಟು ಬಿದ್ದವು. ಮೂರೂ ಟ್ರೇ, ಮೂರೂ ಊಟದ ಬಟ್ಟಲು, ನೀರು ಎಲ್ಲ ಅದರಾಚೆ. ಬೇರೆಲ್ಲಿ ಜಾಗ ಇದೆ ಈ ಮನೆಯಲ್ಲಿ! ಡಾಕ್ಟರು ಹೇಳಿದ್ದು ಇಷ್ಟು: ಸಾಲಾಗಿ ಇಟ್ಟ ಮೂರು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ ಟ್ರೇ. ಆ ಬಾಗಿಲಲ್ಲಿ ಮಲಗಿದವನು ಊರ ಬಾವಿಯ ಕಟ್ಟೆ ಹತ್ತಿ ಕೂತವನ ಹಾಗೆ. ಅವನು ಜಗಳವಾಡಬೇಕಾಗಿಲ್ಲ. ಬೆಕ್ಕುಗಳ ಬಹಳಷ್ಟು ಜಗಳ ಹೀಗೆ ಸದ್ದಿಲ್ಲದೆ ನಡೆಯುತ್ತೆ. ಎದುರಾಗದಂತೆ ದಾರಿ ಬದಲಿಸುವುದು, ಇನ್ನೊಬ್ಬರು ಬಂದಾಗ ಎದ್ದು ಹೋಗುವುದು, ದಿಟ್ಟಿಸಿ ನೋಡುವುದು. ಕಿರುಚಾಟ ಇಲ್ಲವಾದ್ದರಿಂದ ನಾವು 'ಮೂವರೂ ಚೆನ್ನಾಗಿ ಹೊಂದಿಕೊಂಡಿವೆ' ಅಂತ ಎಲ್ಲರಿಗೂ ಹೇಳ್ತಿರ್ತೀವಿ.

ಹೊಂದಿಕೊಳ್ಳೋದು ಅವುಗಳ ರಕ್ತದಲ್ಲಿ ಅಷ್ಟಾಗಿ ಇಲ್ಲ. ಮನೆಬೆಕ್ಕಿನ ಮೂಲ, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಜೊತೆ ಹೂತಿಟ್ಟ ಬೆಕ್ಕಿನ ಸುಮಾರು 9,500 ವರ್ಷ ಹಳೆಯ ಅಸ್ಥಿಪಂಜರ ಸಿಕ್ಕಿದ್ದನ್ನು 2004ರಲ್ಲಿ ಪ್ರಕಟಿಸಿದರು. ಅಷ್ಟು ಹಳೆಯ ಸ್ನೇಹ ನಮ್ಮ ಜೊತೆ. ಆದರೆ ಇನ್ನೊಂದು ಬೆಕ್ಕಿನ ಜೊತೆ 900 ಚದರಡಿ ಹಂಚಿಕೊಳ್ಳುವ ಒಪ್ಪಂದಕ್ಕೆ ಅವು ಸಹಿ ಹಾಕಿದ್ದು ತೀರಾ ಈಚೆಗೆ. ನಾಯಿಯ ಹಾಗೆ ಬಗ್ಗಿ ತಗ್ಗಿ ರಾಜಿ ಮಾಡಿಕೊಳ್ಳುವ ಭಾಷೆ ಅವಕ್ಕೆ ಹೆಚ್ಚು ಗೊತ್ತಿಲ್ಲ. ಗೊತ್ತಿರುವ ಮುಖ್ಯ ಉಪಾಯ ದೂರ ಇರುವುದು. ದೂರ ಇರೋಕೆ ಜಾಗವೇ ಇಲ್ಲದಾಗ ಚೀಟಿ ಬರೆದು ಅಂಟಿಸುವುದು.

ಇದನ್ನು ಕೇಳಿ ಅಮ್ಮ ಹೇಳಿದ ಮಾತು ನನಗೆ ಡಾಕ್ಟರ ಮಾತಿಗಿಂತ ಚೆನ್ನಾಗಿ ನಾಟಿತು. "ಬೆಕ್ಕಿನ ಬಿಡಾರ ಬೇರೆ ಅಂತ ಸುಮ್ಮನೆ ಹೇಳಿದಾರಾ? ನಮ್ಮನೇಲಿ ಐದಾರು ಬೆಕ್ಕು ಇರ್ತಿದ್ವು. ಒಂದು ಅಟ್ಟದ ಮೇಲೆ, ಒಂದು ಕೊಟ್ಟಿಗೇಲಿ, ಒಂದು ಬಚ್ಚಲ ಒಲೆ ಹತ್ರ. ಇನ್ನೆರಡು ಹುಲ್ಲಿನ ಬಣವೇಲಿ. ಹಾಲು ಕರೆಯೋ ಹೊತ್ತಿಗೆ ಸೇರೋವು, ಕುಡಿದು ಹೊರಟು ಹೋಗೋವು. ಇಲ್ಲಿ ನೀವು ಎಲ್ಲರನ್ನೂ ಒಂದೇ ಹಾಲಲ್ಲಿ ಕೂರಿಸಿದೀರಿ." ಸ್ವಲ್ಪ ಹೊತ್ತು ಬಿಟ್ಟು, ಕೈಯಲ್ಲಿದ್ದ ಬೀನ್ಸ್ ಮುರಿಯುತ್ತಾ, ಮುಖ ಎತ್ತದೆ ಅಂದಳು: "ಬೆಕ್ಕಿಗೆ ಅಂತಲ್ಲ. ಯಾರಿಗಾದರೂ ಬಾಗಿಲು ಹಾಕ್ಕೊಂಡು ಕೂರೋಕೆ ಒಂದು ಜಾಗ ಬೇಕಾಗುತ್ತೆ."

ಎರಡನೇ ಬೆಡ್‌ರೂಮು ಹೆಸರಿಗೆ ಅಮ್ಮನದು. ಅವಳ ದಿವಾನ ಇತ್ತು, ಅಪ್ಪನ ಫೋಟೋ ಇತ್ತು. ಅದರ ಪಕ್ಕದಲ್ಲೇ ಗಂಡನ ಮೇಜು, ಎರಡು ಮಾನಿಟರು. ರಾತ್ರಿ 11ರವರೆಗೆ ಅವನ ಕಾಲ್ ಮುಗಿಯುವುದನ್ನೇ ಕಾಯುತ್ತಾ ಅಮ್ಮ ಹಾಲಿನಲ್ಲಿ ಮ್ಯೂಟ್ ಮಾಡಿದ ಟಿವಿ ನೋಡ್ತಾ ಕೂರುವಳು. ಊರಿಂದ ತಂದ ಎರಡು ಸೂಟ್‌ಕೇಸಿನಲ್ಲಿ ಒಂದನ್ನು ಅವಳು ಇನ್ನೂ ಬಿಚ್ಚಿರಲಿಲ್ಲ. ಅಡುಗೆಮನೆಯಲ್ಲಿ ಮಾತ್ರ, ನಮ್ಮ ಗಾಜಿನ ಬಾಟಲಿಗಳ ನಡುವೆ, ತನ್ನ ಸ್ಟೀಲಿನ ಸಾಸಿವೆ ಡಬ್ಬಿಯನ್ನು ದಿನಾ ಒಲೆಯ ಬಲಕ್ಕೆ ತಂದಿಡುವಳು. ಕೆಲಸದಾಕೆ ಒರೆಸುವಾಗ ಅದನ್ನು ಶೆಲ್ಫಿಗೆ ಸೇರಿಸುವಳು. ಮಾರನೇ ಬೆಳಿಗ್ಗೆ ಡಬ್ಬಿ ಮತ್ತೆ ಒಲೆಯ ಬಲಕ್ಕೆ.

ಆ ಶನಿವಾರ ನಾವು ಮನೆಯನ್ನು ಮರುಹಂಚಿಕೆ ಮಾಡಿದೆವು. ಗಂಡನ ಮೇಜು ನಮ್ಮ ರೂಮಿಗೆ ಬಂತು. ಅವನು ಗೊಣಗಿದ, ಆಮೇಲೆ ಹೆಡ್‌ಫೋನ್ ಹಾಕಿಕೊಂಡ. ಎರಡನೇ ರೂಮು ಪೂರ್ತಿ ಅಮ್ಮನದಾಯಿತು, ಬಾಗಿಲ ಚಿಲಕದ ಸಮೇತ.

ಬೆಕ್ಕುಗಳಿಗೆ ಮಾಡಿದ್ದು ಇಷ್ಟು. ಟ್ರೇ ಎಷ್ಟಿರಬೇಕು ಅನ್ನೋದಕ್ಕೆ ಸರಳ ಸೂತ್ರ: ಬೆಕ್ಕಿಗೊಂದು, ಮೇಲೊಂದು. ಹಾಗಾಗಿ ನಾಲ್ಕು ಟ್ರೇ, ನಾಲ್ಕು ಬೇರೆ ಕಡೆ. ಯುಟಿಲಿಟಿ, ನಮ್ಮ ಬಾತ್‌ರೂಮು, ಹಾಲಿನ ಮೂಲೆ, ಬಾಲ್ಕನಿ. ದಿನಕ್ಕೆ ಎರಡು ಸಲ ಬಾಚುವುದು. ಊಟದ ಬಟ್ಟಲುಗಳು ಮೂರು ದಿಕ್ಕಿಗೆ, ಒಬ್ಬರು ತಿನ್ನುವುದು ಇನ್ನೊಬ್ಬರಿಗೆ ಕಾಣದ ಹಾಗೆ. ನೆಲ ಹೆಚ್ಚಿಸಲು ಆಗಲ್ಲ, ಎತ್ತರ ಹೆಚ್ಚಿಸಬಹುದು. ಓನರ್ ಗೋಡೆಗೆ ಮೊಳೆ ಹೊಡೆಯಬೇಡಿ ಅಂದಿದ್ದರಿಂದ, ಬೀರುವಿನ ತಲೆ, ಪುಸ್ತಕದ ಶೆಲ್ಫಿನ ತಲೆ, ಫ್ರಿಜ್ಜಿನ ತಲೆ ಖಾಲಿ ಮಾಡಿ ಹಳೇ ಜಮಖಾನೆ ಹಾಸಿದೆವು. ಹತ್ತೋಕೆ ಒಂದು ಸ್ಟೂಲು. ಹಾಲಿನ ಕಿಟಕಿಯ ಗಾಜಿನ ಕೆಳಗಿನ ಅರ್ಧಕ್ಕೆ ಮಸುಕಾದ ಸ್ಟಿಕ್ಕರ್ ಅಂಟಿಸಿದೆವು. ಕಾಂಪೌಂಡ್ ಮೇಲೆ ರಾತ್ರಿ ಗಸ್ತು ಬರುವ ಬಿಳಿ ಗಡವ ಇನ್ನು ಒಳಗಿನವರಿಗೆ ಕಾಣಲ್ಲ. ಬೆಕ್ಕು ಕೆನ್ನೆ ಉಜ್ಜಿ ಗುರುತು ಹಾಕಿದ ಕಡೆ ಸಾಮಾನ್ಯವಾಗಿ ಉಚ್ಚೆಯ ಗುರುತು ಹಾಕಲ್ಲ. ಅದಕ್ಕೇ ಶುಭ್ರವಾದ ಹತ್ತಿಬಟ್ಟೆಯಿಂದ ಪುಟ್ಟಿಯ ಕೆನ್ನೆ ಸವರಿ, ತೊಳೆದು ಒಣಗಿದ ಬಾಗಿಲ ಚೌಕಟ್ಟಿಗೆ, ಸೋಫಾಕ್ಕೆ ಅವಳ ಮೂಗಿನ ಎತ್ತರದಲ್ಲಿ ದಿನಾ ಒರೆಸ್ತಿದ್ದೆ. ಬೈಯುವುದು, ಮೂಗನ್ನು ಉಚ್ಚೆಗೆ ತಿಕ್ಕುವುದು ಪೂರ್ತಿ ನಿಷೇಧ. ಹೆದರಿಕೆಯಿಂದ ಶುರುವಾದದ್ದಕ್ಕೆ ಇನ್ನಷ್ಟು ಹೆದರಿಕೆ ಮದ್ದಲ್ಲ.

ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರ್ ತೂಗುಹಾಕಿ ಪ್ರತಿ ಗುರುತಿಗೂ ಕೆಂಪು ಚುಕ್ಕಿ ಇಟ್ಟೆ. ಜುಲೈ ಕೊನೆಯ ವಾರ 9. ಮರುಹಂಚಿಕೆ ಆದ ಎರಡು ವಾರಕ್ಕೆ ವಾರಕ್ಕೆ 5. ಆಮೇಲೆ ಅಲ್ಲೇ ನಿಂತಿತು, ಇಳಿಯಲಿಲ್ಲ. ಆಗಸ್ಟ್ ಕೊನೆಗೆ ಡಾಕ್ಟರು ಫ್ಲುಯಾಕ್ಸೆಟಿನ್ ಬರೆದರು. ಮನುಷ್ಯರಿಗೆ ಖಿನ್ನತೆಗೆ ಕೊಡುವ ಮಾತ್ರೆಯೇ. ಡೋಸ್ ಅವರೇ ತೂಕ ನೋಡಿ ನಿಗದಿ ಮಾಡಬೇಕು, ಕೆಲಸ ಮಾಡಲು ಕೆಲವು ವಾರ ಬೇಕು, ನಾವಾಗಿ ಶುರು ಮಾಡೋದೂ ನಿಲ್ಲಿಸೋದೂ ಕೂಡದು. "ಬೆಕ್ಕಿಗೂ ಡಿಪ್ರೆಷನ್ನಾ?" ಅಂತ ಅಮ್ಮ ಹುಬ್ಬೇರಿಸಿದಳು. ಖಿನ್ನತೆಗಲ್ಲ, ಗಾಬರಿ ಸ್ವಲ್ಪ ಇಳಿಯಲಿ ಅಂತ, ಅಂದೆ. ಆಮೇಲೆ ಪ್ರತಿ ಬೆಳಿಗ್ಗೆ ಮಾತ್ರೆಯ ಚೂರನ್ನು ಮೀನಿನ ತುಣುಕಿನಲ್ಲಿ ಅಡಗಿಸುವ ಕೆಲಸ ಹುಟ್ಟಾ ಸಸ್ಯಾಹಾರಿಯಾದ ಅವಳೇ ವಹಿಸಿಕೊಂಡಳು, ಮೂಗಿಗೆ ಸೆರಗು ಹಿಡಿದುಕೊಂಡು.

ಪುಟ್ಟಿ ಆರಿಸಿಕೊಂಡ ಬಿಡಾರ ಯಾವುದು ಗೊತ್ತಾ? ಅಮ್ಮನ ರೂಮಿನ ಬೀರುವಿನ ತಲೆ. ರಾತ್ರಿ ಅಮ್ಮ ಬಾಗಿಲು ಹಾಕಿಕೊಂಡರೆ ಒಳಗೆ ಅವರಿಬ್ಬರೇ. ಐದನೇ ಟ್ರೇಯನ್ನು ಅಲ್ಲೇ ಇಡು ಅಂತ ಹೇಳಿದ್ದು ಅಮ್ಮ. ಕರಿಯ ಇವತ್ತಿಗೂ ಅಡುಗೆಮನೆ ಬಾಗಿಲಲ್ಲಿ ಮಲಗ್ತಾನೆ. ಈಗ ಆ ದಾರಿ ಯಾರಿಗೂ ಅಷ್ಟು ಬೇಕಾಗಿಲ್ಲ.

ಸೆಪ್ಟೆಂಬರಿನಲ್ಲಿ ಒಟ್ಟು 6 ಚುಕ್ಕಿ. ಅಕ್ಟೋಬರಿನಲ್ಲಿ 2. ತಿಂಗಳ ಕೊನೆಗೆ ಓನರ್ ಅಂಕಲ್ ಅಗ್ರಿಮೆಂಟ್ ಹಿಡಿದು ಬಂದರು, ಬಾಗಿಲಲ್ಲಿ ನಿಂತು ಧಾರಾಳವಾಗಿ ಉಸಿರೆಳೆದರು, ಒಳಗೆ ಬಂದು ಕಾಫಿ ಕುಡಿದರು. ಚೌಕಟ್ಟಿಗೆ ನಮ್ಮ ಖರ್ಚಿನಲ್ಲಿ ಪಾಲಿಶ್ ಮಾಡಿಸಬೇಕು ಅನ್ನುವ ಷರತ್ತಿನ ಮೇಲೆ ಇನ್ನು 11 ತಿಂಗಳು.

ಪೂರ್ತಿ ನಿಂತಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. ದೀಪಾವಳಿಯ ಪಟಾಕಿಗೆ ಒಂದು ಚುಕ್ಕಿ ಬಿತ್ತು, ಪೈಂಟರ್ ಬಂದ ದಿನ ಇನ್ನೊಂದು. ಬೀಳಲಿ. ಕ್ಲೀನರ್ ಬಾಟಲಿ ಇದೆ, ಹಳೇ ಬಟ್ಟೆ ಇದೆ. ನಿಮ್ಮನೆಯಲ್ಲೂ ಈ ವಾಸನೆ ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಆಮೇಲೆ ಒಂದು ಹಾಳೆ ತಗೊಂಡು ಮನೆಯ ನಕ್ಷೆ ಬರೆಯಿರಿ. ಯಾರ ದಾರಿಗೆ ಯಾರು ಅಡ್ಡ ಮಲಗಿದಾರೆ, ಯಾರಿಗೆ ಸ್ವಂತದ ಮೂಲೆ ಇಲ್ಲ, ಎಲ್ಲ ಗೆರೆಗಳಲ್ಲೇ ಕಾಣುತ್ತೆ. ನಕ್ಷೆಯಲ್ಲಿ ಬೆಕ್ಕುಗಳನ್ನಷ್ಟೇ ಅಲ್ಲ, ಮನೆಮಂದಿಯನ್ನೆಲ್ಲ ಸೇರಿಸಿ. ನಮ್ಮನೆಯಲ್ಲಿ ಸಾಸಿವೆ ಡಬ್ಬಿ ಈಗ ಒಲೆಯ ಬಲಕ್ಕೇ ಇದೆ, ಕೆಲಸದಾಕೆ ಅದರ ಸುತ್ತ ಒರೆಸಿ ಹೋಗ್ತಾಳೆ. ಎರಡನೇ ಸೂಟ್‌ಕೇಸು ಖಾಲಿಯಾಗಿ ಅಟ್ಟ ಸೇರಿದೆ. ಜಿಲೇಬಿ ಅದರ ಮೇಲೆ ಮಲಗ್ತಾನೆ.